ಮೈಕಿನಲ್ಲಿ ಕೂಗುವ ಹೆಸರು

ಚಾಕುವಿನ ಮೊನೆಯನ್ನು ಕಡಲ ಸಿಂಪಿಯ ಸಂದಿಗೆ ತೂರಿಸುವುದು, ಮಣಿಕಟ್ಟು ತಿರುಗಿಸುವುದು, ಮೇಲಿನ ಚಿಪ್ಪನ್ನು ಹಿಂದಕ್ಕೆ ಎಸೆಯುವುದು, ಒಳಗಿನದನ್ನು ಕೆರೆದು ಬಟ್ಟಲಿಗೆ ಜಾರಿಸುವುದು. ತಗಡಿನ ಚಪ್ಪರದ ಕೆಳಗೆ ಮೋಟು ಸ್ಟೂಲುಗಳ ಮೇಲೆ ಕೂತು ಹದಿಮೂರು ಹೆಂಗಸರು ಬೆಳಗಿನಿಂದ ಅದನ್ನೇ ಮಾಡುತ್ತಿದ್ದೆವು. ಯಾರೂ ಮಾತಾಡಿರಲಿಲ್ಲ.

ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಅಮಾ ಚಾಕುವಿನ ಹಿಡಿಯಿಂದ ಬಕೆಟ್ಟಿಗೆ ಎರಡು ಏಟು ಕೊಟ್ಟು ಲಯ ಹಿಡಿಸಿರುತ್ತಿದ್ದಳು. ಅಮಾ ಎಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಎಪ್ಪತ್ತೊಂದು ವರ್ಷ. ಅವಳ ಟಕ್ ಟಕ್ ಶುರುವಾದರೆ ನಮ್ಮ ಕೈಗಳು ತಾವಾಗಿ ಹೊಂದಿಕೊಳ್ಳುತ್ತವೆ. ನಿದ್ದೆಗಣ್ಣಿನಲ್ಲಿ ಬಂದವಳೂ ಕೈ ಕೊಯ್ದುಕೊಳ್ಳದೆ ಬಕೆಟ್ ತುಂಬಿಸುತ್ತಾಳೆ. ಆ ದಿನ ಅವಳು ತನ್ನ ಬಕೆಟ್ಟನ್ನು ಕಾಲಿನಿಂದ ಆಚೆ ಸರಿಸಿ, ತಲೆ ತಗ್ಗಿಸಿ ಕೂತಿದ್ದಳು. ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಏನು ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಅದಕ್ಕೆ ಕಾರಣವಾದ ಫಾರಂ ಕಂಬದ ಮೊಳೆಗೆ ಸಿಕ್ಕಿಸಿತ್ತು.

ಚಾಂದ್ರಮಾನದ ಐದನೇ ತಿಂಗಳ ಹಬ್ಬಕ್ಕೆ ಡ್ರ್ಯಾಗನ್ ದೋಣಿಯ ಪಂದ್ಯ ತೈವಾನಿನ ಈ ಪಡುವಣ ದಂಡೆಯಲ್ಲಿ ಎಲ್ಲ ಊರುಗಳಲ್ಲೂ ನಡೆಯುತ್ತದೆ. ನಮ್ಮೂರ ಗಂಡಸರು ಪ್ರತಿ ವರ್ಷ ದೋಣಿ ಇಳಿಸಿ ಪ್ರತಿ ವರ್ಷ ಸೋಲುತ್ತಾರೆ. ಈ ಸಲ ಹೆಂಗಸರ ಪಂದ್ಯವೂ ಇದೆ ಎಂದು ಗೊತ್ತಾದಾಗ ನಮ್ಮ ಜೊತೆ ಸಿಂಪಿ ಬಿಡಿಸುವ ಚುಂಗ್ ಹೆಂಡತಿ, "ಈ ಮುದುಕಿಯ ಬಕೆಟ್ ಏಟಿಗೆ ಹನ್ನೆರಡು ಜನ ಒಂದೇ ಸಮ ಕೈ ಆಡಿಸ್ತೀವಿ. ಚಾಕು ಬದಲು ಹುಟ್ಟು ಹಿಡಿದ್ರೆ ಆಯ್ತಪ್ಪ, ಅದೇನು ದೊಡ್ಡ ವಿಷ್ಯ!" ಎಂದಳು. ಅದು ತಮಾಷೆಗೆ ಹೇಳಿದ್ದು. ಆದರೆ ಮಾರನೆಯ ವಾರ ನಾವು ಕಾಲುವೆಯಲ್ಲಿದ್ದೆವು. ಹತ್ತು ಜನ ಹುಟ್ಟಿಗೆ, ಚುಂಗ್ ಹೆಂಡತಿ ಚುಕ್ಕಾಣಿಗೆ, ಅಮಾ ಡೋಲಿಗೆ. ಎಲ್ಲರಿಗಿಂತ ಹಗುರ ಇರುವ ನಾನು ದೋಣಿಯ ಮುಂತುದಿಯಲ್ಲಿ ಮರದ ಡ್ರ್ಯಾಗನ್ನಿನ ಕತ್ತು ತಬ್ಬಿ ಕೂರಬೇಕು. ಕೊನೆಗೆ ನೀರಿನ ಮೇಲಿನ ಬಾವುಟವನ್ನು ಕಿತ್ತುಕೊಳ್ಳಬೇಕು.

ನನ್ನ ಬೆನ್ನಿಗೆ ಅಮಾಳ ಬೆನ್ನು ತಾಗುತ್ತದೆ. ಅವಳು ಹುಟ್ಟು ಹಾಕುವವರ ಕಡೆ ಮುಖ ಮಾಡಿ ಕೂತಿರುವುದರಿಂದ ಡೋಲು ಬಾರಿಸುವಾಗಿನ ಅವಳ ಮುಖವನ್ನು ನಾನು ನೋಡಿಲ್ಲ. ಆದರೆ ಮೊದಲ ಏಟಿಗೆ ಆ ಗೂನುಬೆನ್ನು ನೆಟ್ಟಗಾಗುವುದು ನನಗೆ ತಿಳಿಯುತ್ತದೆ. ಮನೆಯಲ್ಲಿ ಎಂದೂ ಹಾಗೆ ನೆಟ್ಟಗಾಗಿದ್ದನ್ನು ನಾನು ಕಾಣೆ.

ಹಿಂದಿನ ಸಂಜೆ ಊರಿನ ಮುಖ್ಯಸ್ಥ ಪಂದ್ಯದ ಫಾರಂ ನಮ್ಮ ಮನೆಗೆ ತಂದುಕೊಟ್ಟಿದ್ದ. ಮೇಲೆ ತಂಡದ ಹೆಸರು. ಕೆಳಗೆ ಹದಿಮೂರು ಸಾಲು, ಗುರುತಿನ ಚೀಟಿಯಲ್ಲಿರುವ ಹಾಗೇ ಹೆಸರು ಬರೆಯಬೇಕು. "ಮೈಕಿನಲ್ಲಿ ಒಬ್ಬೊಬ್ಬರದೇ ಹೆಸರು ಕೂಗ್ತಾರೆ. ಕೂಗಿದವರು ಒಬ್ಬೊಬ್ಬರಾಗಿ ದೋಣಿಗೆ ಇಳಿಯೋದು. ಇಡೀ ಪಟ್ಟಣ ಕೇಳತ್ತೆ," ಎಂದು ಅವನು ದೊಡ್ಡ ಉಡುಗೊರೆ ಕೊಡುವವನಂತೆ ಹೇಳಿಹೋದ. ಅಮಾಗೆ ಓದಲು ಬರುವುದಿಲ್ಲ, ನಾನು ಓದಿ ಹೇಳಿದೆ. ಅವಳು ಅನ್ನದ ಬಟ್ಟಲನ್ನು ಕೆಳಗಿಟ್ಟು, "ನಾನು ಬರಲ್ಲ," ಎಂದಳು.

ಅಮಾಳನ್ನು ಊರಿನಲ್ಲಿ ಎಲ್ಲರೂ ಹೋಕ್‌ನಮ್ಮ ಎನ್ನುತ್ತಾರೆ. ಹೋಕ್ ನನ್ನ ಅಪ್ಪ. ಅವನು ಹುಟ್ಟುವ ಮುಂಚೆ ಅವಳನ್ನು ತಾತನ ಹೆಸರು ಹೇಳಿ, ಅವರ ಹೆಂಡತಿ ಎನ್ನುತ್ತಿದ್ದರಂತೆ. ಗುರುತಿನ ಚೀಟಿಯಲ್ಲಿರುವ ಹೆಸರು ಬಾಂಗ್-ಚಿ. ಒಂದರ ಹಿಂದೆ ಒಂದು ಹೆಣ್ಣು ಹುಟ್ಟಿ ಬೇಸತ್ತ ಮನೆಗಳಲ್ಲಿ ಹಿಂದೆ ಇಡುತ್ತಿದ್ದ ಹೆಸರು ಅದು. ಹುಟ್ಟಿಬಿಟ್ಟಿದೆ, ಇನ್ನೇನು ಮಾಡೋದು, ಸಾಕೋಣ ಎಂದು ಅರ್ಥ. ಅವಳು ಶಾಲೆಗೆ ಹೋದದ್ದು ಒಂಬತ್ತು ದಿನ. ಮೇಷ್ಟ್ರು ಹಾಜರಿ ಕೂಗಿದಾಗಲೆಲ್ಲ ಹುಡುಗರು, "ಸಾಕಿದ್ರಾ? ಇವತ್ತೂ ಸಾಕಿದ್ರಾ?" ಎಂದು ನಗುತ್ತಿದ್ದರು. ಹತ್ತನೆಯ ದಿನ ಅವಳು ಉಪ್ಪಿನ ಗದ್ದೆಯ ಕಡೆಗೆ ನಡೆದುಬಿಟ್ಟಳು.

ನಾನು ಶಾಲೆ ಬಿಟ್ಟಿದ್ದು ಹದಿನಾರಕ್ಕೆ. ನನ್ನನ್ನು ನೋಡಿ ಯಾರೂ ನಗಲಿಲ್ಲ. ಎದ್ದು ನಿಂತು ಓದು ಎಂದರೆ ದನಿ ಹೊರಡುತ್ತಿರಲಿಲ್ಲ, ಅಷ್ಟೆ. ಒಂದು ದಿನ ಮೇಷ್ಟ್ರು ಮುಂದಿನವಳಿಗೆ ಓದು ಎಂದರು, ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟರು. ಅಲ್ಲಿ ಕೂತಿರಲು ಕಾರಣವೇ ಉಳಿಯಲಿಲ್ಲ.

ದವಾಖಾನೆಗೆ ಹೋದಾಗ ನರ್ಸು ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ ಅಮಾ ಏಳುವುದಿಲ್ಲ. ಗೋಡೆಯ ಗಡಿಯಾರ ನೋಡುತ್ತಾ ಕೂತಿರುತ್ತಾಳೆ. ನಾನು ಏಳುತ್ತೇನೆ. ಹತ್ತೊಂಬತ್ತರ ಹುಡುಗಿಗೆ ಇಂಥ ಹೆಸರೇ ಎಂದು ಜನ ನನ್ನನ್ನು ನೋಡುತ್ತಾರೆ. ನಾನು ಒಳಗೆ ಹೋದ ಮೇಲೆ ಅವಳು ಮೆಲ್ಲಗೆ ಹಿಂದೆ ಬರುತ್ತಾಳೆ. ಇಂಥ ಹೆಸರುಗಳನ್ನು ಈಗ ಕಚೇರಿಯಲ್ಲಿ ಬದಲಾಯಿಸಿಕೊಡುತ್ತಾರೆ, ಒಂದು ಅರ್ಜಿ ಸಾಕು ಎಂದು ನಾನೊಮ್ಮೆ ಹೇಳಿದ್ದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಮ್ಮಮ್ಮ ಕೊಟ್ಟಿದ್ದು ಅದೊಂದೇ. ಬೇರೆ ಹೆಸರು ಇಟ್ಕೊಂಡು ಮೇಲೆ ಹೋದ್ರೆ ಅಲ್ಲಿ ಅವಳು ನನ್ನ ಏನಂತ ಕರೀತಾಳೆ?"

ಹೀಗೆ, ಬಿಡಲೂ ಆಗದ ಹೇಳಲೂ ಆಗದ ಹೆಸರು ಅದು.

"ಸಾವಿನ ಮನೇಲೂ ಇದಕ್ಕಿಂತ ಜಾಸ್ತಿ ಮಾತಿರತ್ತೆ," ಎಂದು ಚುಂಗ್ ಹೆಂಡತಿ ಆ ದಿನ ಚಪ್ಪರದ ಕೆಳಗೆ ಕೊನೆಗೆ ಬಾಯಿಬಿಟ್ಟಳು. "ಸಂಜೆ ಐದಕ್ಕೆ ಪಂದ್ಯದ ಕಚೇರಿ ಬಾಗಿಲು ಹಾಕ್ತಾರೆ. ಅಷ್ಟರೊಳಗೆ ಫಾರಂ ಕೊಡಬೇಕು. ತಂಡಕ್ಕೆ ಹೆಸರು ಹೇಳ್ರೇ."

ಎಲ್ಲರ ಬಾಯಿ ಒಟ್ಟಿಗೇ ತೆರೆಯಿತು.

"ಕಡಲ ಸಿಂಹಿಣಿಯರು!"

"ನಿನ್ನ ಸೊಂಟ ನೋಡಿದ್ರೆ ಕಡಲೆಮ್ಮೆ ಅನ್ನಬೇಕು."

"ಮಲ್ಲಿಗೆ ಅಂತಿಡೋಣ. ಹೆಂಗಸರ ತಂಡ ಅಂತ ಗೊತ್ತಾಗ್ಲಿ."

"ಸಿಂಪಿ ನಾತ ಹೊಡೀತಾ ಹೋಗಿ ಮಲ್ಲಿಗೆ ಅಂತೆ. ಪಕ್ಕದ ದೋಣಿಯವರು ಮೂಗು ಮುಚ್ಕೊಂಡು ನೀರಿಗೆ ಬೀಳ್ತಾರೆ."

"ಹದಿಮೂರು ಚಾಕು," ಎಂದಳು ಹನ್. ಅವಳು ವಿಯೆಟ್ನಾಮಿನಿಂದ ಮದುವೆಯಾಗಿ ಬಂದು ಹನ್ನೊಂದು ವರ್ಷ. ನಮ್ಮ ಮಾತನ್ನು ನಮಗಿಂತ ವೇಗವಾಗಿ ಆಡುತ್ತಾಳೆ.

"ಅಯ್ಯೋ, ಪೊಲೀಸರು ಬರ್ತಾರೆ ಕಣೇ!"

"ಮುಖ್ಯಸ್ಥರು ಒಂದು ಹೇಳಿದಾರೆ," ಎಂದು ಚುಂಗ್ ಹೆಂಡತಿ ಗಂಟಲು ಸರಿಮಾಡಿಕೊಂಡಳು. "ಸದ್ಗುಣಿ ಸೊಸೆಯರ ತಂಡ."

ಯಾರೋ ಒಂದು ಚಿಪ್ಪನ್ನು ಅಗತ್ಯಕ್ಕಿಂತ ದೂರ ಎಸೆದರು.

ಅಮಾ ಆಗ ಮಾತಾಡಿದಳು. "ಏನಾದ್ರೂ ಇಟ್ಕೊಳಿ. ಡೋಲಿಗೆ ಬೇರೆಯವರನ್ನ ನೋಡಿ. ನಂಗೆ ಆಗಲ್ಲ."

ಚಾಕುಗಳು ನಿಂತವು.

"ಯಾಕೆ ದೊಡ್ಡಮ್ಮ? ಏನಾಯ್ತು?"

"ಬೆನ್ನು ನೋವು."

"ನಿನ್ನೆ ಐವತ್ತು ಕಿಲೋ ಚೀಲ ಎತ್ತಿ ಗಾಡಿಗೆ ಹಾಕಿದ ಬೆನ್ನಾ?"

"ಹೂಂ. ಅದೇ."

ಚುಂಗ್ ಹೆಂಡತಿ ನನ್ನ ಕಡೆ ನೋಡಿದಳು. ನಾನು ಬಟ್ಟಲಿನ ಕಡೆ ನೋಡಿದೆ. ಹೇಳಿಬಿಟ್ಟರೆ ಎಲ್ಲ ಸಲೀಸಾಗುತ್ತದೆ ಎನಿಸುತ್ತಿತ್ತು. ಆದರೆ ಅದು ನನ್ನ ಗುಟ್ಟಲ್ಲ.

"ಹದಿಮೂರರಲ್ಲಿ ಒಬ್ಬರು ಕಡಿಮೆ ಆದ್ರೂ ದೋಣಿ ಇಳಿಸಕ್ಕೆ ಬಿಡಲ್ಲ," ಎಂದಳು ಚುಂಗ್ ಹೆಂಡತಿ, ಈ ಸಲ ಮೆತ್ತಗೆ. "ನಿಮ್ಮ ಏಟಿಲ್ದೆ ಇವರೆಲ್ಲ ಹತ್ತು ದಿಕ್ಕಿಗೆ ಹುಟ್ಟು ಹಾಕ್ತಾರೆ ದೊಡ್ಡಮ್ಮ. ಮೊದ್ಲು ಹೆಸರು ಒಂದು ಆಗ್ಲಿ. ಊಟ ಆದ್ಮೇಲೆ ಎಲ್ಲರೂ ಗುಡಿಗೆ ಹೋಗಿ ಕಡಲು ಕಾಯೋ ಮಾಜು ತಾಯಿನೇ ಕೇಳೋಣ. ನೀವೂ ಬನ್ನಿ. ಸುಮ್ನೆ ಬನ್ನಿ."

ತಾಯಿಯ ಹೆಸರೆತ್ತಿದ ಮೇಲೆ ಬರುವುದಿಲ್ಲ ಎನ್ನಲು ಅಮಾಗೆ ಆಗಲಿಲ್ಲ.

ಗುಡಿಯ ಮುಂದಿನ ನಲ್ಲಿಯಲ್ಲಿ ಬೂಟು ತೊಳೆದುಕೊಂಡು ಒಳಗೆ ಹೋದಾಗ ಮೂರು ಗಂಟೆ. ಗುಡಿ ನೋಡಿಕೊಳ್ಳುವ ಲೋ ಅಜ್ಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಲ್ಲಂಗಡಿ ಬೀಜ ಸುಲಿಯುತ್ತಾ ಟೀವಿ ನೋಡುತ್ತಿದ್ದ. ಊದುಬತ್ತಿ ಹಚ್ಚಿದೆವು. ನಾಲ್ಕು ಹೆಸರನ್ನು ನಾನು ಒಂದು ಚೀಟಿಯಲ್ಲಿ ಬರೆದಿದ್ದೆ. ಚುಂಗ್ ಹೆಂಡತಿ ಮಂಡಿಯೂರಿ, ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ಜೋಡಿಸಿ ಹಿಡಿದು, "ತಾಯೀ, ನಮ್ಮ ತಂಡಕ್ಕೆ ಕಡಲ ಸಿಂಹಿಣಿಯರು ಅಂತ ಇಡಬಹುದಾ?" ಎಂದು ನೆಲಕ್ಕೆ ಬಿಟ್ಟಳು.

ತುಂಡಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಒಂದು ತುಂಡು ಚಪ್ಪಟೆ, ಇನ್ನೊಂದು ಉಬ್ಬು ಮೇಲಾಗಿ ಬಿದ್ದರೆ ಒಪ್ಪಿಗೆ. ಎರಡೂ ಉಬ್ಬಾದರೆ ಇಲ್ಲ. ಎರಡೂ ಚಪ್ಪಟೆಯಾದರೆ ತಾಯಿ ನಗುತ್ತಿದ್ದಾಳೆ ಎಂದು. ಹೆಸರಿನಂಥ ವಿಷಯಕ್ಕೆ ಒಂದು ಒಪ್ಪಿಗೆ ಸಾಲದು, ಒಂದರ ಮೇಲೊಂದು ಮೂರು ಬರಬೇಕು.

ಸಿಂಹಿಣಿಯರಿಗೆ ನಕ್ಕಳು. ಮಲ್ಲಿಗೆಗೂ ನಕ್ಕಳು. ಚಾಕುವಿಗೆ ನಕ್ಕಳು. ಸದ್ಗುಣಿ ಸೊಸೆಯರಿಗಂತೂ ತುಂಡುಗಳು ಬಿದ್ದ ಮೇಲೂ ಸ್ವಲ್ಪ ಹೊತ್ತು ಅಲುಗಾಡುತ್ತಿದ್ದವು.

"ಇದೇನು, ನಮ್ಮನ್ನ ನೋಡಿದ್ರೆ ಅಷ್ಟು ನಗು ಬರತ್ತಾ?" ಎಂದಳು ಹನ್.

ಲೋ ಅಜ್ಜ ಟೀವಿಯಿಂದ ಕಣ್ಣು ತೆಗೆಯದೆ, "ಯಾರು ಕೇಳ್ತಿದೀರಿ ಅಂತ ಹೇಳಿದ್ರಾ?" ಎಂದ.

"ನಾವು ಅಂತ ಹೇಳಿದ್ವಲ್ಲ."

"ನಾವು ಅಂದ್ರೆ? ಈ ಕರಾವಳಿ ತುಂಬ ನಾವುಗಳೇ. ಹೆಸರು, ಹುಟ್ಟಿದ ವರ್ಷ, ಮನೆ ಎಲ್ಲಿ ಅಂತ ಒಬ್ಬೊಬ್ಬರೂ ಹೇಳಬೇಕು. ನಿಮ್ಮ ಸ್ವಂತ ಹೆಸರೇ ಹೇಳದೆ ಇನ್ನೊಂದು ಹೆಸರು ಕೊಡು ಅಂದ್ರೆ ಆಕೆ ನಗದೆ ಏನು ಮಾಡ್ತಾಳೆ?"

ನಮಗೆ ನಾಚಿಕೆಯಾಯಿತು. ಚಿಕ್ಕಂದಿನಿಂದ ಎಲ್ಲರಿಗೂ ಗೊತ್ತಿರುವ ಕ್ರಮ. ಮನೆಯ ಮಗುವಿಗೆ ಜ್ವರ ಬಂದಾಗ ಬಂದು ಕೇಳುವಾಗ ಮಗುವಿನ ಹೆಸರು ಹೇಳುತ್ತೇವೆ, ಗಂಡ ಕಡಲಿಗೆ ಹೋಗುವಾಗ ಗಂಡನ ಹೆಸರು. ನಮಗಾಗಿ ಕೇಳಿ ಅಭ್ಯಾಸವಿರಲಿಲ್ಲ.

ಚುಂಗ್ ಹೆಂಡತಿ ಮತ್ತೆ ಮಂಡಿಯೂರಿದಳು. "ಲಿಮ್ ಚಿಯಾವ್-ತಿ," ಎಂದಳು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಚಿಯಾವ್-ತಿ ಎಂದರೆ ತಮ್ಮನನ್ನು ಕರೆದುಕೊಂಡು ಬಾ ಎಂದು. "ಬಂದನೇನೇ ತಮ್ಮ?"

"ನಾಲ್ಕು ಜನ ಬಂದ್ರು. ಒಬ್ಬನಾದ್ರೂ ಒಂದು ಫೋನ್ ಮಾಡ್ತಾನಾ ಕೇಳು."

ಮೂವತ್ತು ವರ್ಷ ಮಗ್ಗುಲಲ್ಲಿ ಕೂತು ಸಿಂಪಿ ಬಿಡಿಸಿದವರು ಒಬ್ಬರ ಹೆಸರನ್ನು ಒಬ್ಬರು ಆಗಷ್ಟೇ ಕೇಳಿಸಿಕೊಂಡರು. ಹೂವಿನ ಹೆಸರಿನವರು ಇಬ್ಬರು. ಸಾಕಾಯಿತು ಎಂಬರ್ಥದ ಹೆಸರಿನವಳು ಒಬ್ಬಳು, ಅವಳು ಏಳನೆಯ ಮಗಳು. ವಯಸ್ಸು ಹೇಳುವಾಗ ಒಬ್ಬಳು ತಡವರಿಸಿದಳು. "ತಾಯಿ ಮುಂದೆ ನಾಲ್ಕು ವರ್ಷ ಇಳಿಸಬೇಡಮ್ಮ," ಎಂದ ಲೋ ಅಜ್ಜ. ಹನ್ ತನ್ನ ಪೂರ್ತಿ ಹೆಸರನ್ನು ತನ್ನೂರಿನ ರಾಗದಲ್ಲಿ ಹೇಳಿದಳು, ನಿಧಾನವಾಗಿ, ಮೊದಲ ಸಲ ನಿಧಾನವಾಗಿ. ಅದು ಹಾಡಿನ ಹಾಗಿತ್ತು. ನನ್ನದನ್ನು ನಾನು ಪಿಸುಗುಟ್ಟಿದೆ.

ಉಳಿದವಳು ಅಮಾ. ಬಾಗಿಲ ಬಳಿಯ ಕಂಬಕ್ಕೆ ಕೈ ಕೊಟ್ಟು ನಿಂತಿದ್ದಳು.

"ನಾನು ತಂಡದಲ್ಲಿಲ್ಲ," ಎಂದಳು.

"ಹಾಗಾದ್ರೆ ಹನ್ನೆರಡೇ ಜನ ಅಂತ ತಾಯಿಗೆ ಹೇಳ್ಬಿಡಿ," ಎಂದ ಲೋ ಅಜ್ಜ.

"ಹೇಗೆ ಹೇಳೋದು? ಸುಳ್ಳಲ್ವಾ?" ಎಂದಳು ಚುಂಗ್ ಹೆಂಡತಿ. ಅವಳು ತಿರುಗಿ ನೋಡಲಿಲ್ಲ. ಯಾರೂ ತಿರುಗಲಿಲ್ಲ. ಎಲ್ಲರೂ ಮಂಡಿಯೂರಿಕೊಂಡೇ ಕಾದರು. ಫ್ಯಾನ್ ತಿರುಗುತ್ತಿತ್ತು. ಊದುಬತ್ತಿಯ ಬೂದಿ ಬಾಗಿ ಬಾಗಿ ಉದುರಿತು.

ದವಾಖಾನೆಯಲ್ಲಿ ಏಳುವ ಹಾಗೆ ನಾನು ಏಳಲು ಹೊರಟೆ. ನಾನೇ ಹೇಳಿಬಿಡುತ್ತೇನೆ, ಅವಳ ಪರವಾಗಿ, ತಾಯಿಗೆ ಮಾತ್ರ ಕೇಳುವ ಹಾಗೆ. ಅಷ್ಟರಲ್ಲಿ ನನ್ನ ಭುಜದ ಮೇಲೆ ಉಪ್ಪು ನೀರಿನಲ್ಲಿ ಒಡೆದ ಆ ಕೈ ಬಿತ್ತು. ಅದು ನನ್ನನ್ನು ಕೆಳಗೆ ಒತ್ತಿತು. ನನ್ನ ಭುಜವನ್ನೇ ಆಸರೆ ಮಾಡಿಕೊಂಡು ಅಮಾ ನನ್ನ ಪಕ್ಕ ಮಂಡಿಯೂರಿದಳು.

"ತ್ಸೈ ಬಾಂಗ್-ಚಿ. ಕೋಳಿ ವರ್ಷದಲ್ಲಿ ಹುಟ್ಟಿದ್ದು. ಸೇತುವೆ ಪಕ್ಕದ ಮನೆ," ಎಂದಳು.

"ಕೇಳಿಸ್ಲಿಲ್ಲ," ಎಂದ ಲೋ ಅಜ್ಜ.

"ನಿಂಗಲ್ಲ ಹೇಳಿದ್ದು."

ಯಾರೂ ನಗಲಿಲ್ಲ. ನಗುತ್ತಾರೆಂದು ಅವಳು ಕಾಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ನನ್ನ ಭುಜದ ಮೇಲಿನ ಕೈ ಇನ್ನೂ ಬಿಗಿಯಾಗಿತ್ತು.

"ನಮ್ಮತ್ತೆದೂ ಅದೇ ಹೆಸರು," ಎಂದಳು ಚುಂಗ್ ಹೆಂಡತಿ. "ಇಪ್ಪತ್ತೆರಡು ವರ್ಷ ಒಂದೇ ಮನೇಲಿದ್ವಿ. ಅವರು ಸತ್ತಾಗ ಆಸ್ಪತ್ರೆ ಕಾಗದದಲ್ಲಿ ನೋಡಿದೆ."

"ನಮ್ಮ ದೊಡ್ಡಕ್ಕಂದೂ," ಎಂದರು ಇನ್ಯಾರೋ.

"ಏನು ಹಾಗಂದ್ರೆ?" ಎಂದು ಹನ್ ಕೇಳಿದಳು. ಎಲ್ಲರೂ ಅವಳನ್ನು ಸುಮ್ಮನಿರು ಎಂಬಂತೆ ನೋಡಿದರು. ಅಮಾ ತಾನೇ ಹೇಳಿದಳು. "ಹುಟ್ಟಿಬಿಟ್ಟಿದೆ, ಇನ್ನೇನು ಮಾಡೋದು, ಸಾಕೋಣ ಅಂತ."

ಹನ್ ಸ್ವಲ್ಪ ಯೋಚಿಸಿದಳು. "ಆದ್ರೂ ಸಾಕಿದ್ರಲ್ಲ ದೊಡ್ಡಮ್ಮ."

ಅಮಾಳ ಕೈ ನನ್ನ ಭುಜದಿಂದ ಇಳಿಯಿತು.

ನಾಲ್ಕೂ ಹೆಸರನ್ನು ಮೊದಲಿನಿಂದ ಕೇಳಿದೆವು. ತಾಯಿ ಈಗ ನಗಲಿಲ್ಲ, ಸುಮ್ಮನೆ ಬೇಡ ಎಂದಳು. ಮಲ್ಲಿಗೆಗೆ ಒಂದು ಒಪ್ಪಿಗೆ ಬಂದು ಎರಡನೆಯದಕ್ಕೆ ಹೋಯಿತು. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಮೂಲೆಯಲ್ಲಿ ಇಬ್ಬರು, ಕಚೇರಿಯವರಿಗೆ ಫೋನ್ ಮಾಡಿ ನಾಳೆವರೆಗೆ ಸಮಯ ಕೇಳೋಣವೇ ಎಂದು ಪಿಸುಪಿಸು ಮಾತಾಡುತ್ತಿದ್ದರು. ಅಮಾ ಏಳಲು ಒಂದು ಕಾಲು ಮಡಚಿಕೊಂಡಿದ್ದಳು. ಎದ್ದರೆ ಮನೆಗೆ ಹೋಗುತ್ತಾಳೆ. ಹೋದರೆ ಮತ್ತೆ ಬರುವುದಿಲ್ಲ.

"ಬಾಂಗ್-ಚಿ ಅಂತ ಕೇಳೋಣ," ಎಂದೆ.

ನನ್ನ ದನಿ ಅಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಲೋ ಅಜ್ಜ ಕೂಡ ಟೀವಿಯಿಂದ ತಿರುಗಿದ.

"ಏನಂದೆ?" ಎಂದಳು ಅಮಾ.

ನಾನು ಅವಳ ಮುಖ ನೋಡದೆ, ಅವಳ ಬೂಟಿನ ತುದಿಯನ್ನು ನೋಡುತ್ತಾ ಹೇಳಿದೆ. "ಮೈಕಲ್ಲಿ ಮೊದ್ಲು ತಂಡದ ಹೆಸರು ಕೂಗ್ತಾರೆ. ಬಾಂಗ್-ಚಿ ಅಂತ ಕೂಗಿದ್ರೆ ಹದಿಮೂರು ಜನಾನೂ ಓ ಅನ್ನಬಹುದು. ಆಮೇಲೆ ನಿನ್ನ ಹೆಸರು ಬಂದಾಗ... ಅಷ್ಟೊತ್ತಿಗೆ ಅದು ಎಲ್ಲರದೂ ಆಗಿರತ್ತೆ."

"ಮನೇಲಿ ಉಪ್ಪು ಕೊಡು ಅನ್ನಕ್ಕೂ ಬಾಯಿ ಬಿಡಲ್ಲ. ಇಲ್ಲಿ ಬಂದು ನನ್ನ ಮಾನ ಕಳೀತಾಳೆ," ಎಂದಳು ಅಮಾ. ದನಿ ನಡುಗುತ್ತಿತ್ತು. ಅದು ಕೋಪವೋ ಬೇರೆಯೋ ನನಗೆ ತಿಳಿಯಲಿಲ್ಲ.

"ಗಂಡಸರು ನಗ್ತಾರೆ," ಎಂದಳು ಒಬ್ಬಳು ಅನುಮಾನದಿಂದ.

"ನಗ್ಲಿ ಬಿಡೇ," ಎಂದಳು ಚುಂಗ್ ಹೆಂಡತಿ. "ನಗ್ತಾ ನಗ್ತಾ ಹುಟ್ಟು ಹಾಕಕ್ಕೆ ಆಗಲ್ಲ."

"ಬೇಡ," ಎಂದಳು ಅಮಾ.

"ಬೇಕು ಬೇಡ ಹೇಳಕ್ಕೆ ಅಲ್ಲೊಬ್ಬಳು ಕೂತಿದಾಳೆ," ಎಂದ ಲೋ ಅಜ್ಜ, ತಾಯಿಯ ಕಡೆ ಗದ್ದ ಎತ್ತಿ. "ಕೇಳಮ್ಮ ನೀನೇ. ಹೇಳಿದವಳೇ ಕೇಳಬೇಕು."

ಮರದ ತುಂಡುಗಳು ನನ್ನ ಕೈಗೆ ಬಂದವು. ಎಷ್ಟೋ ಜನರ ಬೆವರಿಗೆ ನುಣುಪಾಗಿದ್ದವು. ಕೇಳಿ, ನೆಲಕ್ಕೆ ಬಿಟ್ಟೆ. ಒಂದು ಚಪ್ಪಟೆ, ಒಂದು ಉಬ್ಬು. ಎತ್ತಿಕೊಂಡು ಮತ್ತೆ ಬಿಟ್ಟೆ. ಒಂದು ಚಪ್ಪಟೆ, ಒಂದು ಉಬ್ಬು. ಮೂರನೆಯ ಸಲ ಕೈ ಬೆವತಿತ್ತು. ಒಂದು ತುಂಡು ಎದುರಿಗೇ ಚಪ್ಪಟೆಯಾಗಿ ಕೂತಿತು, ಇನ್ನೊಂದು ಪುಟಿದು ಉರುಳಿ ಹಣ್ಣಿನ ತಟ್ಟೆಗಳಿಟ್ಟಿದ್ದ ಮೇಜಿನ ಅಡಿಗೆ ಹೋಯಿತು.

ಮೇಜಿಗೆ ಹತ್ತಿರವಿದ್ದವಳು ಅಮಾ. ಅವಳು ನೆಲಕ್ಕೆ ಕೈಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಒಳಗೆ ನೋಡಿದಳು. ನೋಡುತ್ತಲೇ ಇದ್ದಳು.

"ಏನು ಬಿದ್ದಿದೆ ದೊಡ್ಡಮ್ಮ?"

ಹನ್ ಫೋನಿನ ದೀಪ ಹಚ್ಚಿ ಅವಳ ಪಕ್ಕ ಬಗ್ಗಿದಳು. "ಉಬ್ಬು," ಎಂದಳು. "ಉಬ್ಬು ಮೇಲಿದೆ!"

ಒಬ್ಬಳು ಚಪ್ಪಾಳೆ ತಟ್ಟಲು ಹೋಗಿ, ಅಮಾಳನ್ನು ನೋಡಿ ಕೈಯನ್ನು ಹಾಗೇ ಜೋಡಿಸಿಕೊಂಡಳು. ಅಮಾ ನಿಧಾನವಾಗಿ ಎದ್ದು ನೆಲದ ಮೇಲೆ ಕಾಲು ಚಾಚಿ ಕೂತಳು. ಅಂಗೈಗೆ ಅಂಟಿದ ಬೂದಿಯನ್ನು ಪ್ಯಾಂಟಿಗೆ ಒರೆಸಿಕೊಂಡಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾಲ್ಕೂವರೆ ಆಗಿತ್ತು. ಚುಂಗ್ ಹೆಂಡತಿ ಫಾರಮ್ಮಿನ ಮಡಿಕೆ ಬಿಡಿಸಿ ನನ್ನ ಮುಂದೆ ಹಾಸಿದಳು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ಹತ್ತು ಹನ್ನೆರಡು ತಲೆಗಳು ಕಾಗದದ ಮೇಲೆ ಬಾಗಿದವು, ಓದಲು ಬಾರದವರದೂ. ನಾನು ಮೇಲಿನ ಖಾಲಿ ಜಾಗದಲ್ಲಿ ಮೊದಲ ಗೆರೆ ಎಳೆದೆ.

"ಸಣ್ಣಕ್ಷರದಲ್ಲಿ ಬರಿ," ಎಂದಳು ಅಮಾ ಹಿಂದಿನಿಂದ. "ಕೇಳಿಸ್ತಾ ಮಗಾ? ಸ್ವಲ್ಪ ಸಣ್ಣಕ್ಕೆ ಬರಿ."